ಸ್ವಂತ ಯಕೃತ್ತಿಗೇ ನೋಟಿಸು ಅಂಟಿಸುವುದನ್ನು ನಿಲ್ಲಿಸುವ ಬಗ್ಗೆ

ಶ್ರೀಮತಿ ಸುವರ್ಣಮ್ಮನವರ ದೇಹಾಡಳಿತ ಇಲಾಖೆ
ಕಾವಲು ವಿಭಾಗ, ಎಡಪಕ್ಕೆ ಕಚೇರಿ, ಮೊಕ್ಕಾಂ ದಂಡಿನಶಿವರ

ಸಂಖ್ಯೆ: ಸುದೇಇ/ಕಾವಲು/ಯಕೃತ್ತು/4ನೇ ನೆನಪೋಲೆ
ದಿನಾಂಕ: ಮಾತ್ರೆ ಬಿಟ್ಟ ಹತ್ತೊಂಬತ್ತನೇ ದಿನ

ವಿಷಯ: ಹೊರಗಿನವರೆಂದು ತಪ್ಪು ತಿಳಿದು ಸ್ವಂತ ಯಕೃತ್ತನ್ನು ಬಡಿಯುವುದನ್ನು ಕೂಡಲೇ ನಿಲ್ಲಿಸುವ ಕುರಿತು.

ಉಲ್ಲೇಖ: 1. ತಿಪಟೂರಿನ ಡಾ. ಸುಮೇರಾ ಅವರ ಚೀಟಿ.
2. ಯಕೃತ್ತಿನ ದೂರು ಅರ್ಜಿ (ಹಳದಿ ಹಾಳೆಯಲ್ಲಿ).
3. ಗುರುಶಾಂತಮ್ಮನವರು ನಲ್ಲಿಯ ಬಳಿ ಆಡಿದ ಮಾತು.

ಪ್ರಸ್ತಾವನೆ:

ಕೊಬ್ಬರಿ ವ್ಯಾಪಾರಿ ತೋಂಟದಾರ್ಯರ ಧರ್ಮಪತ್ನಿ ಸುವರ್ಣಮ್ಮನವರ ಕಣ್ಣು ಕಳೆದ ವರ್ಷ ಹಳದಿಯಾಗಿ, ತನಿಖೆ ನಡೆಸಲಾಗಿ, ಅವರನ್ನು ಕಾಯಬೇಕಾದ ಈ ವಿಭಾಗದ ಸಿಬ್ಬಂದಿಯೇ ಅವರ ಯಕೃತ್ತನ್ನು ಬಡಿಯುತ್ತಿರುವುದು ಸಾಬೀತಾಗಿರುತ್ತದೆ. ಡಾಕ್ಟರು ಕೊಟ್ಟ ಮಾತ್ರೆಯಿಂದ ಸಿಬ್ಬಂದಿ ತೆಪ್ಪಗಾಗಿ ಕಣ್ಣು ಬೆಳ್ಳಗಾಗಿತ್ತು. ಆದರೆ ಅದೇ ಮಾತ್ರೆಯಿಂದ ಮುಖ ಊದಿದ್ದನ್ನು ಕಂಡ ಪಕ್ಕದ ಮನೆಯ ಗುರುಶಾಂತಮ್ಮನವರು "ಏನೇ ಸುವರ್ಣಿ, ಮುಖ ಒಳ್ಳೆ ಎಳನೀರು ತುಂಬ್ಕಂಡಂಗೈತೆ" ಎಂದ ಕಾರಣ, ಸದರಿ ಸುವರ್ಣಮ್ಮನವರು ಯಾರಿಗೂ ಹೇಳದೆ ಮಾತ್ರೆ ಬಿಟ್ಟು, ಡಬ್ಬಿಯನ್ನು ಅಟ್ಟದ ಮೇಲೆ ಕಾಯಿರಾಶಿಯೊಳಗೆ ಬಚ್ಚಿಟ್ಟಿರುತ್ತಾರೆ. ಸಿಬ್ಬಂದಿ ಮತ್ತೆ ದೊಣ್ಣೆ ಹುಡುಕುತ್ತಿರುವುದು ಗಮನಕ್ಕೆ ಬಂದಿದೆ. ಯಕೃತ್ತು ಒಂದೇ ಇದ್ದು, ಬದಲಿ ಹುದ್ದೆ ಮಂಜೂರಾಗಿಲ್ಲದ ಕಾರಣ ಕೆಳಕಂಡಂತೆ ಕಟ್ಟಪ್ಪಣೆ ಮಾಡಲಾಗಿದೆ.

1. ಕರುಳಿನ ಗೇಟಿನಲ್ಲಿ ಒಳಬಂದ ಸಾಮಾನು ನೇರವಾಗಿ ಯಕೃತ್ತಿನ ಅಂಗಳದಲ್ಲಿ ಇಳಿಯುವುದು ಹಿಂದಿನಿಂದ ಬಂದ ಪದ್ಧತಿ. ಬೇಲಿ ಸಡಿಲವಾದಾಗ ಸೂಕ್ಷ್ಮಾಣುಗಳ ಕೆಲವು ಚೂರುಗಳು ಟಿಕೆಟ್ಟಿಲ್ಲದೆ ನುಗ್ಗಿದವೆಂದೂ, ಅವುಗಳ ಮುಖ ಯಕೃತ್ತಿನವರ ಮುಖವನ್ನೇ ಹೋಲುತ್ತಿತ್ತೆಂದೂ ಸಿಬ್ಬಂದಿ ಸಮಜಾಯಿಷಿ ನೀಡಿರುತ್ತಾರೆ. ಮುಖ ಹೋಲುತ್ತದೆಂದು ಬಡಿಯುತ್ತ ಹೋದರೆ ತೋಂಟದಾರ್ಯರ ದಾಯಾದಿಗಳಲ್ಲಿ ಒಬ್ಬರೂ ಉಳಿಯುವುದಿಲ್ಲವೆಂಬುದನ್ನು ಮನಗಾಣತಕ್ಕದ್ದು.

2. ಎಲ್ಲಕ್ಕೂ ಕರುಳೇ ಮೂಲವೆಂಬುದು ಬಲ್ಲವರಿಂದ ಇನ್ನೂ ರುಜುವಾತಾಗಿಲ್ಲ. ಆದ್ದರಿಂದ ಕರುಳನ್ನು ಅಮಾನತು ಮಾಡದೆ, ಅರ್ಧ ಅನುಮಾನದ ಮೇಲೆ, ಪೂರ್ಣ ಕೆಲಸದಲ್ಲಿ ಮುಂದುವರಿಸಲಾಗಿದೆ.

3. ಪ್ರತಿಕಾಯಗಳೆಂಬ ನೋಟಿಸು ಅಂಟಿಸುವ ನೌಕರರು ಯಕೃತ್ತಿನ ಗೋಡೆಗೆ "ಪರಸ್ಥಳದವರು" ಎಂದು ಅಂಟಿಸಿರುವ ನೋಟಿಸುಗಳನ್ನು ಕಿತ್ತುಹಾಕತಕ್ಕದ್ದು. ಸದರಿ ಯಕೃತ್ತು ಸುವರ್ಣಮ್ಮನವರು ಹುಟ್ಟಿದಂದಿನಿಂದ ಅದೇ ವಿಳಾಸದಲ್ಲಿ ವಾಸವಾಗಿದ್ದು, ಅದರ ರೇಷನ್ ಕಾರ್ಡು ಕೇಳತಕ್ಕದ್ದಲ್ಲ. ಅಂಟು ಬಿಡದಿದ್ದಲ್ಲಿ ಎಂಜಲು ಬಳಸಲು ಅನುಮತಿಸಲಾಗಿದೆ.

4. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಲೊಡಲೊಡ ಎಂದರೆ ಮಾತ್ರ ಸುಲಿಯುವುದು ಈ ಮನೆಯ ಕಸುಬು. ಇದನ್ನೇ ನೋಡಿ ಬೆಳೆದ ಸಿಬ್ಬಂದಿ ಯಕೃತ್ತಿನ ಜೀವಕೋಶಗಳನ್ನೂ ಒಂದೊಂದಾಗಿ ಅಲ್ಲಾಡಿಸಿ ನೋಡುತ್ತಿರುವುದು ಕಂಡುಬಂದಿದ್ದು, ಇದನ್ನು ನಿಷೇಧಿಸಲಾಗಿದೆ. ಡಾ. ಸುಮೇರಾ ಅವರು ಸೂಜಿ ಹಾಕಿ ಯಕೃತ್ತಿನ ಚೂರು ತೆಗೆದಾಗ ತೋಂಟದಾರ್ಯರು "ಕಾಯಿ ಒಡೆದು ನೋಡೋದು ಯಾವ ಸೀಮೆ ವ್ಯಾಪಾರ ಕಣ್ರೀ? ಅಲ್ಲಾಡ್ಸಿದ್ರೆ ಗೊತ್ತಾಗಕಿಲ್ವಾ?" ಎಂದಿದ್ದೂ, ಡಾಕ್ಟರು "ಹಂಗಾದ್ರೆ ನಿಮ್ ಮನೆಯವರ್ನೇ ಅಲ್ಲಾಡ್ಸಿ ನೋಡಿ ಯಜಮಾನ್ರೇ, ಏನ್ ಸದ್ದು ಬಂತು ಅಂತ ನಂಗೂ ಹೇಳಿ" ಎಂದಿದ್ದೂ ಕಡತದಲ್ಲಿದೆ. ಸದರಿ ಪ್ರಯೋಗವನ್ನು ಮನೆಯಲ್ಲಿ ಕೈಗೊಂಡಾಗ ಸುವರ್ಣಮ್ಮನವರ ಕೈಯಲ್ಲಿ ಸೌಟು ಇದ್ದುದರಿಂದ ಫಲಿತಾಂಶವನ್ನು ದಾಖಲಿಸಿರುವುದಿಲ್ಲ.

5. ಬಡಿಯಲೇಬೇಕೆನ್ನುವ ಸಿಬ್ಬಂದಿ ಎಡಗಾಲ ಹೆಬ್ಬೆರಳಿನ ಉಗುರುಸುತ್ತಿಗೆ ವರ್ಗಾವಣೆ ಕೋರಬಹುದು. ಅಲ್ಲಿ ಮೂರು ತಿಂಗಳಿಂದ ನಿಜವಾದ ಹೊರಗಿನವರೇ ಬೀಡುಬಿಟ್ಟಿದ್ದು, ಇದುವರೆಗೆ ಒಬ್ಬ ನೌಕರನೂ ಭೇಟಿ ನೀಡಿರುವುದಿಲ್ಲ.

6. ಕಣ್ಣು ಬೆಳ್ಳಗಾದ ಮಾತ್ರಕ್ಕೆ "ವಾಸಿಯಾಯ್ತು ಬುಡು" ಎಂದು ಸುವರ್ಣಮ್ಮನವರು ಹೊರಡಿಸಿದ ಮೌಖಿಕ ಆದೇಶವನ್ನು ರದ್ದುಪಡಿಸಲಾಗಿದೆ. ಅಟ್ಟದಲ್ಲಿ ಕೊಳೆತ ಕಾಯಿಯೂ ಸದ್ದು ಮಾಡದೆ ಕೂತಿರುತ್ತದೆಂಬುದು ಸದರಿಯವರಿಗೆ ಈ ಕಚೇರಿಗಿಂತ ಚೆನ್ನಾಗಿ ಗೊತ್ತಿದೆ.

7. ಮಾತ್ರೆಯ ಪ್ರಮಾಣ ಇಳಿಸುವ, ಏರಿಸುವ ಅಧಿಕಾರ ಡಾ. ಸುಮೇರಾ ಅವರಿಗೆ ಇರುತ್ತದೆ, ಗುರುಶಾಂತಮ್ಮನವರಿಗೆ ಇರುವುದಿಲ್ಲ. ಮುಖದ ಅಹವಾಲಿದ್ದಲ್ಲಿ ಡಬ್ಬಿಸಮೇತ ಇಂದಿನ ಮೊದಲ ಬಸ್ಸಿಗೆ ತಿಪಟೂರಿಗೆ ಹೋಗಿ ಡಾಕ್ಟರ ಮುಂದೆಯೇ ಸಲ್ಲಿಸತಕ್ಕದ್ದು.

8. ಮೇಲಿನವು ಅರ್ಥವಾಗದ ಸಿಬ್ಬಂದಿ ಕನಿಷ್ಠಪಕ್ಷ ಸುಮ್ಮನಿರತಕ್ಕದ್ದು.

(ಸಹಿ ಅಸ್ಪಷ್ಟ)
ಗುಲ್ಮ (ಸ್ಪ್ಲೀನ್), ಪ್ರಭಾರ ಕಾವಲು ಅಧಿಕಾರಿ

ಪ್ರತಿಗಳು:

1. ಯಕೃತ್ತಿಗೆ: ಮಾಹಿತಿಗಾಗಿ ಮತ್ತು ಧೈರ್ಯಕ್ಕಾಗಿ.
2. ಕರುಳಿಗೆ: ಬೇಲಿ ದುರಸ್ತಿಗಾಗಿ.
3. ಪಿತ್ತಕೋಶಕ್ಕೆ: ಐದು ವರ್ಷದ ಹಿಂದೆಯೇ ತೆಗೆಸಿದ್ದರಿಂದ ಲಕೋಟೆ ವಾಪಸು ಬಂದಿದೆ.
4. ಗುರುಶಾಂತಮ್ಮನವರಿಗೆ: ಪ್ರತಿ ಕಳಿಸಿಲ್ಲ. ಈಗಾಗಲೇ ಗೊತ್ತಿರುತ್ತದೆ.
5. ತೋಂಟದಾರ್ಯರಿಗೆ: ಏಣಿ ಹಿಡಿಯಲು.
6. ಸುವರ್ಣಮ್ಮನವರ ಬಲಗೈಗೆ: ಅಗತ್ಯ ಕ್ರಮಕ್ಕಾಗಿ. ಈ ಸುತ್ತೋಲೆ ಮುಗಿಯುವ ಹೊತ್ತಿಗೆ ಸದರಿ ಕೈ ಕಾಯಿರಾಶಿಯಲ್ಲಿ ತಡಕಾಡಿ, ಸಿಕ್ಕ ಡಬ್ಬಿಯನ್ನು ಅಭ್ಯಾಸಬಲದಿಂದ ಕಿವಿಯ ಬಳಿ ಅಲ್ಲಾಡಿಸಿರುತ್ತದೆ. ಡಬ್ಬಿ ಲೊಡಲೊಡ ಎಂದಿರುತ್ತದೆ. ಕೆಳಗೆ ಏಣಿ ಹಿಡಿದವರು "ಸದ್ದು ಬಂತಲ್ಲ, ಹದಕ್ಕೆ ಬಂದೈತೆ. ಇಳಿಯೇ ಇನ್ನ, ಬಸ್ ಹೋಯ್ತದೆ" ಎಂದಿರುತ್ತಾರೆ.