ಜರ್ಮನ್ ಸಾಹೇಬರ ನಾಲ್ಕು ತಿಂಗಳು

ಡ್ರಾಯಿಂಗ್ ಮಾಸ್ತರನ ನೌಕರಿಯೇ ಹಾಗೆ. ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ವಿಳಾಸ ಕೇಳಿಕೊಂಡು ಮನೆ ಬಾಗಿಲಿಗೆ ಬರುತ್ತದೆ. ಶಹಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಮಾವಿನಕಾಯಿ, ಹೂಜಿ ಬರೆಯಲು ಕಲಿಸಿದ ನನ್ನ ಬಾಗಿಲಿಗೆ ಹೋದ ವರ್ಷ ಬಂದವರು ಜರ್ಮನಿಯ ಒಬ್ಬ ಕಲಾವಿದರು. ಚಿತ್ರವನ್ನೂ ಬರೆಯುತ್ತಾರೆ, ಕಲ್ಲನ್ನೂ ಕೆತ್ತುತ್ತಾರೆ. ಸುರಪುರದ ಹಳೆಯ ಚಿತ್ರಗಳನ್ನು ನೋಡಲೆಂದು ಬಂದವರು ನಮ್ಮ ಗುಡ್ಡದ ಬಂಡೆಗಳನ್ನು ಕಂಡು ನಾಲ್ಕು ತಿಂಗಳು ಇಲ್ಲೇ ನಿಂತರು.

ಅವರದು ದೊಡ್ಡ ಹೆಸರು. ಆದರೆ ಆರು ವರ್ಷದಿಂದ ಕೈಯಲ್ಲಿ ಒಂದು ಕೆಲಸವೂ ಮುಗಿದಿರಲಿಲ್ಲ. ಶುರು ಮಾಡುವುದು, ಮನಸ್ಸಿಗೆ ಒಪ್ಪದೆ ಬಿಡುವುದು. "ಇಲ್ಲಿ ಒಂದನ್ನಾದರೂ ಮುಗಿಸಬೇಕು. ಆಗದಿದ್ದರೆ ಇನ್ನು ಉಳಿ ಹಿಡಿಯುವುದಿಲ್ಲ" ಎಂದು ಮೊದಲ ದಿನವೇ ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಇಂಗ್ಲಿಷಿನ ಯೋಗ್ಯತೆಗೂ ಅದು ಅರ್ಥವಾಯಿತು, ಅರ್ಥವಾಗಿ ಸಂಕಟವಾಯಿತು. ನಮ್ಮ ಹಿಂದಿನ ಓಣಿಯಲ್ಲಿ ಎಲ್ಲರೂ 'ಅಕ್ಕ' ಎಂದೇ ಕರೆಯುವ ಹೆಣ್ಣುಮಗಳ ಮನೆಯಲ್ಲಿ ಅವರಿಗೊಂದು ಖೋಲಿ ಬಾಡಿಗೆಗೆ ಕೊಡಿಸಿದೆ.

ಬೋಗಾಣಿ

ನಮ್ಮ ಕಡೆ 'ಜರ್ಮನ್' ಎಂದರೆ ದೇಶವಲ್ಲ, ಅಲ್ಯೂಮಿನಿಯಂ ಪಾತ್ರೆ. ಇದು ನನಗೆ ಗೊತ್ತಿಲ್ಲವೆಂದಲ್ಲ, ಹೊತ್ತಿಗೆ ನೆನಪಾಗಲಿಲ್ಲ. "ಅಕ್ಕನ ಮನ್ಯಾಗ ಜರ್ಮನ್‌ದವ್ರು ಬಂದಾರ, ಸುತ್ತಿಗಿ, ಉಳಿ ಎಲ್ಲಾ ತಂದಾರ" ಎಂದು ಓಣಿಗೆಲ್ಲ ಹೇಳಿದವನು ನಾನೇ.

ಮರುದಿನ ಹೋಗಿ ನೋಡಿದರೆ ಬಾಗಿಲ ಮುಂದೆ ಏಳೆಂಟು ಹೆಣ್ಣುಮಕ್ಕಳು, ಕೈಯಲ್ಲಿ ನೆಗ್ಗಿದ ಬೋಗಾಣಿ, ಸೊಟ್ಟಾದ ಕೊಡ. ಸಾಹೇಬರು ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ಬಡಿದು ನೆಟ್ಟಗೆ ಮಾಡುತ್ತಿದ್ದರು. ಊರಿಗೆ ಹೊಸ ಶಿಲ್ಪಿ ಬಂದರೆ ಹೀಗೆ ಕೈ ಪರೀಕ್ಷೆ ಮಾಡುವ ಪದ್ಧತಿ ಇರಬೇಕೆಂದು ಅವರು ತಿಳಿದಿದ್ದರು. ತಾಮ್ರದ ಹಂಡೆ ಹೊತ್ತು ತಂದಿದ್ದ ಒಬ್ಬ ಮುದುಕಿ ಮಾತ್ರ ಅಸಮಾಧಾನದಿಂದ ಎದ್ದು ಹೊರಟಳು.

"ಕೈ ಚಲೋ ಅದರಿ ಮಾಸ್ತರ. ಆದ್ರ ಕಲಾಯಿ ಬರಂಗಿಲ್ಲಂತ. ಅರ್ಧಾ ವಿದ್ಯಾ ಕಲ್ತು ಅಷ್ಟ್ ದೂರದಿಂದ ಯಾಕ ಬಂದಾರ?"

ಬೂದು ಬಣ್ಣ

ನಮ್ಮ ಶಾಲೆಯಲ್ಲಿ ಅವರ ಭಾಷಣ ಇಟ್ಟೆವು. ಕನ್ನಡಕ್ಕೆ ಹೇಳುವ ಕೆಲಸ ನನ್ನದು. ಅಪ್ಪ ಗೋಡೆಗೆ ಬಣ್ಣ ಬಳಿಯುತ್ತಿದ್ದದ್ದು, ಕಲಾಶಾಲೆಯವರು ಎರಡು ಸಲ ಬೇಡವೆಂದದ್ದು, ಕೊನೆಗೆ ಅದೇ ಶಾಲೆಯಲ್ಲಿ ಅವರು ಪಾಠ ಹೇಳಿದ್ದು, ಎಲ್ಲ ಹೇಳಿದರು. ಮಕ್ಕಳು ಬಾಯಿಬಿಟ್ಟುಕೊಂಡು ಕೇಳಿದವು.

"ಆಮೇಲೆ ಹನ್ನೆರಡು ವರ್ಷ ಬರೀ ಬೂದು ಬಣ್ಣದಲ್ಲೇ ಚಿತ್ರ ಬರೆದೆ" ಎಂದರು.

ನಮ್ಮ ಹೆಡ್‌ಮಾಸ್ತರರ ಕರುಳು ಚುರ್ ಎಂದಿತು. ನನ್ನ ಕಿವಿಯ ಹತ್ತಿರ ಬಂದು, "ಪಾಪ, ಉಳಿದ ಬಣ್ಣ ಅವರ ಇಲಾಖೆದಿಂದ ಬಂದಿರ್ಲಿಲ್ಲೇನು, ಕೇಳ್ರಿ" ಎಂದರು.

ಇಲಾಖೆಗೆ ಇಂಗ್ಲಿಷ್ ಹೊಳೆಯದೆ, "ಉಳಿದ ಬಣ್ಣ ಬರಲಿಲ್ಲವೇ?" ಎಂದಷ್ಟೇ ಕೇಳಿದೆ. ಸಾಹೇಬರು ತುಸು ನೋವಿನಿಂದಲೇ ತಲೆಯಾಡಿಸಿದರು. "ಇಲ್ಲ, ಇನ್ನೂ ಬಂದಿಲ್ಲ."

ಬರ್ತೀನ್ರಿ

ನಮ್ಮಲ್ಲಿ ಯಾರೂ 'ಹೋಗ್ತೀನಿ' ಅನ್ನುವುದಿಲ್ಲ, ಅಪಶಕುನ. ಹೊರಡುವಾಗಲೂ 'ಬರ್ತೀನಿ' ಎನ್ನಬೇಕು. ಸಾಹೇಬರ ಕೈಕೆಲಸಕ್ಕೆ ಬರುತ್ತಿದ್ದ ದೋರನಹಳ್ಳಿಯ ಕಲ್ಲು ಒಡೆಯುವವನು ಸಂಜೆ "ಬರ್ತೀನ್ರಿ" ಎಂದು ಹೋದರೆ ಸಾಹೇಬರು ಚಹಾ ಇಟ್ಟುಕೊಂಡು ಕಾಯುತ್ತಿದ್ದರು. ಕಡೆಗೆ ಅಕ್ಕ ನನ್ನ ಮೂಲಕ ಈ ಪದ್ಧತಿಯನ್ನು ತಿಳಿಸಿ ಹೇಳಿದಳು. ಅವರಿಗೆ ಅದು ಬಹಳ ಹಿಡಿಸಿತು.

ಮುಂದಿನ ವಾರ ಹುಣಸಗಿ ಬಸ್ಸಿನಲ್ಲಿ ಸುರಪುರಕ್ಕೆ ಹೋದರು. ಇಳಿಯುವಾಗ ಕಂಡಕ್ಟರನಿಗೆ ಕೈಮುಗಿದು, ಕಲಿತ ಕನ್ನಡವನ್ನು ಶುದ್ಧವಾಗಿ ಹೇಳಿದರು: "ಬರ್ತೀನ್ರಿ."

ಮರುದಿನ ಆ ಕಂಡಕ್ಟರ್ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ. "ಮಾಸ್ತರ, ನಿಮ್ಮ ಸಾಹೇಬ್ರಿಗಿ ತಿಳಿಸಿ ಹೇಳ್ರಿ. ಬರ್ತೀನಿ ಅಂದ್ರು, ಒಂದಕ್ಕ ಹೋಗ್ಯಾರಂತ ಇಪ್ಪತ್ತು ನಿಮಿಷ ಗಾಡಿ ನಿಲ್ಲಿಸೀನಿ. ಪಬ್ಲಿಕ್ ನನ್ನ ಹೊಡಿಯೋದೊಂದು ಬಾಕಿ."

ಮುಕ್ಕಾದ ಮೂರ್ತಿ

ಮೂರು ತಿಂಗಳು ಕೆತ್ತಿದ ಮೇಲೆ ಎರಡಡಿ ಎತ್ತರದ ಹೆಣ್ಣುಮೂರ್ತಿಯೊಂದು ಆಕಾರಕ್ಕೆ ಬಂತು. ಕೂತ ಭಂಗಿ, ಒಂದೇ ಕೈ, ಭುಜದಿಂದ ಸೊಂಟದವರೆಗೆ ಬೇಕೆಂದೇ ಬಿಟ್ಟ ಸೀಳು. ಇಷ್ಟಾದರೂ ಸಾಹೇಬರಿಗೆ ಸಮಾಧಾನವಿಲ್ಲ. "ಎಲ್ಲೋ ಏನೋ ಹೆಚ್ಚಾಗಿದೆ, ಎಲ್ಲೆಂದು ತಿಳಿಯುತ್ತಿಲ್ಲ" ಎನ್ನುತ್ತ ದಿನವಿಡೀ ಅದರ ಮುಂದೆ ಮುಖ ಸಣ್ಣಗೆ ಮಾಡಿಕೊಂಡು ಕೂತಿರುತ್ತಿದ್ದರು. ಊರಿಗೆ ಮರಳಲು ಹದಿನೈದೇ ದಿನ ಉಳಿದಿತ್ತು.

ಒಂದು ದಿನ ಯಾವುದೋ ಕಾಗದಪತ್ರದ ಕೆಲಸಕ್ಕೆ ಇಬ್ಬರೂ ಯಾದಗಿರಿಗೆ ಹೋಗಿ ಬಂದೆವು. ಖೋಲಿಯಲ್ಲಿ ಮೂರ್ತಿ ಇಲ್ಲ. ಅಕ್ಕ ಸಮಾಧಾನ ಹೇಳುವವಳಂತೆ ಬಾಗಿಲಲ್ಲಿ ನಿಂತಿದ್ದಳು.

"ದುಃಖ ಮಾಡಬ್ಯಾಡಂತ ಹೇಳ್ರಿ ಮಾಸ್ತರ. ಅಷ್ಟು ಕಷ್ಟಪಟ್ಟು ಕಡದಾರ, ಕಡೀಗಿ ಕೈ ಮುರದದ, ಮೈ ಸೀಳ್ಯಾದ. ಮುಕ್ಕಾದ ಮೂರ್ತಿ ಮನ್ಯಾಗ ಇಡಬಾರದ್ರಿ, ನೀರಿಗಿ ಬಿಡಬೇಕು. ಅವರಿಗಿ ಮನಸ್ಸು ಬರವಲ್ದು, ದಿನಾ ಅದರ ಮುಂದ ಕುಂತು ಕೊರಗತಾರ. ಅದಕ ನಾನೇ ಟಂಟಂ ಆಟೋದಾಗ ಹಾಕಿಸ್ಕೊಂಡು ಹೋಗಿ ಕೆನಾಲಿಗಿ ಬಿಟ್ಟು ಬಂದೆ. ಕಾಯಿ ಒಡಸೀನಿ, ಊದಿನಕಡ್ಡಿ ಹಚ್ಚೀನಿ. ಏನೂ ಕಡಿಮಿ ಮಾಡಿಲ್ಲ."

ಇದನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ಒದ್ದೆಯಾಯಿತು. ಸಾಹೇಬರು ಹೊಸ್ತಿಲ ಮೇಲೆ ಕುಸಿದು ಕೂತರು. ಬೈದಿದ್ದರೆ ಒಳ್ಳೆಯದಿತ್ತು, ಅವರು ಬೈಯಲಿಲ್ಲ. ತಾನು ಮಾಡಿದ್ದೇನೆಂದು ತಿಳಿದ ಮೇಲೆ ಅಕ್ಕನೂ ಒಲೆ ಹಚ್ಚಲಿಲ್ಲ.

ಕಾಲುವೆಗೆ ವಾರಬಂದಿ ಇತ್ತು, ಸರದಿಯ ಪ್ರಕಾರ ನೀರು ಬಿಡುವುದು, ನಿಲ್ಲಿಸುವುದು. ನಿಲ್ಲಿಸಲು ಇನ್ನೂ ಐದು ದಿನ. ಆ ಐದು ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಆರನೆಯ ದಿನ ಎಲ್ಲರೂ ಹೋದೆವು. ಮೂರ್ತಿ ರಾಡಿಯಲ್ಲಿ ಬೋರಲಾಗಿ ಬಿದ್ದಿತ್ತು. ನಾಲ್ಕು ಜನ ಹಗ್ಗ ಕಟ್ಟಿ ಎಳೆದರು. ದಂಡೆಗೆ ಬರುವಷ್ಟರಲ್ಲಿ ಇದ್ದ ಒಂದು ಕೈ ಕಲ್ಲಿಗೆ ಸಿಕ್ಕಿ ಪಟ್ಟನೆ ಮುರಿದು ಕೆಳಗೆ ಬಿತ್ತು.

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಾಹೇಬರು ಮೂರ್ತಿಯನ್ನು ಒಂದು ಸುತ್ತು ಬಂದರು, ಇನ್ನೊಂದು ಸುತ್ತು ಬಂದರು. ಕೆಳಗೆ ಕೂತು ಕೈ ಮುರಿದ ಜಾಗವನ್ನು ಬೆರಳಿನಿಂದ ಸವರಿದರು. ಆಮೇಲೆ ಕನ್ನಡದಲ್ಲೇ ಹೇಳಿದರು: "ಮುಗೀತು."

ಎಲ್ಲ ಹಾಳಾಯಿತೆಂದೇ ನಾನು ತಿಳಿದೆ. ನೋಡಿದರೆ ಅವರ ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಮಾಸ್ತರ, ಹೆಚ್ಚಾಗಿದ್ದದ್ದು ಆ ಕೈ. ಮೂರು ತಿಂಗಳು ನನಗೆ ಕಾಣಲಿಲ್ಲ. ಆರು ವರ್ಷದ ಮೇಲೆ ಒಂದು ಕೆಲಸ ಮುಗೀತು" ಎಂದು ಇಂಗ್ಲಿಷಿನಲ್ಲಿ ಹೇಳುತ್ತ ನನ್ನನ್ನು ತಬ್ಬಿಕೊಂಡರು. ಅವರ ಮೈಮೇಲಿನ ರಾಡಿಯೆಲ್ಲ ನನಗೂ ಮೆತ್ತಿತು. ನನಗೂ ಅಳು ಬಂತೆಂದು ಹೇಳಲು ನಾಚಿಕೆಯಿಲ್ಲ.

ಅಕ್ಕನಿಗೆ ಕನ್ನಡದಲ್ಲಿ ಎಲ್ಲ ಹೇಳಿದೆ. ಅವಳು ಮೆಲ್ಲಗೆ ಸೆರಗು ಸರಿಸಿ ಮೂರ್ತಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಹಂಗಾದ್ರ ಒಂದು ಮಾತು ಕೇಳ್ರಿ ಮಾಸ್ತರ. ಮುಂದಿನ ವಾರ ಮತ್ತ ನೀರು ಬಿಡ್ತಾರಂತ. ಇನ್ನೊಮ್ಮಿ ಮುಳುಗಿಸೂಣೇನು? ಇನ್ನಾ ಚಲೋ ಆಗ್ತದ."