ಹೊಗೆ ಹೋಗಲು ತೆಗೆದ ಕಿಂಡಿಗೆ ಘಟನೋತ್ತರ ಮಂಜೂರಾತಿ ಕೋರಿ

ಇಂದ,
ಅರ್ಚನಾ ಕೋಂ ಅರುಣಕುಮಾರ್,
ತಮ್ಮ ಹಿರಿಯ (ಹಾಗೂ ಒಬ್ಬಳೇ) ಸೊಸೆ,
ಅಡುಗೆಮನೆ, ಕೊಟ್ಟೂರು, ಕೂಡ್ಲಿಗಿ ತಾಲ್ಲೂಕು.

ಗೆ,
ಶ್ರೀ ಏಕಾಂತಪ್ಪನವರು,
ನಿವೃತ್ತ ಶಿರಸ್ತೇದಾರರು, ಮನೆಯ ಯಜಮಾನರು ಹಾಗೂ ನನ್ನ ಮಾವನವರು,
ಸದ್ಯ ಬಿಡಾರ: ಮಗಳ ಮನೆ, ಹರಪನಹಳ್ಳಿ.

ದಿನಾಂಕ: ಮೇ 2003ರ ಕೊನೆಯ ವಾರ

ವಿಷಯ: ತಮ್ಮ ಗೈರುಹಾಜರಿಯಲ್ಲಿ ಅಡುಗೆಮನೆಯ ಸ್ಲ್ಯಾಬಿಗೆ ಕಿಂಡಿ ತೆಗೆದಿರುವುದನ್ನು ಸಕ್ರಮಗೊಳಿಸುವ ಬಗ್ಗೆ.

ಉಲ್ಲೇಖ: 1) ತಮ್ಮ ಮೌಖಿಕ ಆದೇಶ: "ಬಾಯಿಮಾತು ಕಡತಕ್ಕ ಬರಂಗಿಲ್ಲವ್ವ. ಏನಿದ್ರೂ ಬರದು ಕೊಡ್ರಿ, ನೋಡೂಣು."
2) ಹಗರಿಬೊಮ್ಮನಹಳ್ಳಿ ಡಾಕ್ಟರ ಚೀಟಿ ಮತ್ತು ಅದರ ಮೇಲೆ ಕೆಂಪು ಶಾಯಿಯಲ್ಲಿ ತಾವು ಬರೆದ ಷರಾ.

ಮಾನ್ಯ ಮಾವನವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಸಂಗತಿಯನ್ನು ಹಲವು ಸಲ ಬಾಯಲ್ಲಿ ಹೇಳಲಾಗಿದ್ದು, ಉಲ್ಲೇಖ ಒಂದರ ಮೇರೆಗೆ ಪ್ರತಿ ಸಲವೂ ತಳ್ಳಿಹಾಕಲ್ಪಟ್ಟಿರುತ್ತದೆ. ಕಾರಣ, ಈಗ ಬರೆದು ಕೊಡುತ್ತಿದ್ದೇನೆ.

1. ಸದರಿ ಮನೆಯ ಎರಡೂ ಪಕ್ಕದ ಗೋಡೆಗಳು ನೆರೆಮನೆಗಳಿಗೆ ಅಂಟಿಕೊಂಡಿವೆ. ಆದಕಾರಣ ಅಡುಗೆಮನೆಗೆ ಕಿಟಕಿ ಇಲ್ಲ. ನಾನು ಮದುವೆಯಾಗಿ ಬಂದಾಗ ಮೇಲೆ ಮಣ್ಣಿನ ಮಾಳಿಗೆ ಇತ್ತು, ಒಲೆಯ ನೆತ್ತಿಗೆ ಸರಿಯಾಗಿ ಒಂದು ಗವಾಕ್ಷಿ ಇತ್ತು. ಹೊಗೆ ಅದರಲ್ಲಿ ಹೋಗುತ್ತಿತ್ತು, ಬೆಳಕು ಅದರಲ್ಲೇ ಬರುತ್ತಿತ್ತು. ಬೇಸಿಗೆಯಲ್ಲಿ ಮಧ್ಯಾಹ್ನ ಮಲಗಿದರೆ ಫ್ಯಾನಿನ ನೆನಪು ಬರುತ್ತಿರಲಿಲ್ಲ.

2. ವರ್ಷಾ ವರ್ಷಾ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸುವುದು ತಮಗೆ ಬೇಸರ ತಂದಿತು. ಆದ್ದರಿಂದ ಹೋದ ವರ್ಷ ಅದನ್ನು ಇಳಿಸಿ ಸ್ಲ್ಯಾಬ್ ಹಾಕಿಸಿದಿರಿ. ಗವಾಕ್ಷಿಗೆ ಜಾಗ ಬಿಡಿರೆಂದು ಅತ್ತೆಯವರಾದ ಕೊಟ್ರಮ್ಮನವರು ಕೇಳಿದಾಗ ತಾವು, "ಯಾವ ಆಫೀಸಿನ ಸ್ಲ್ಯಾಬಿನಾಗ ತೂತು ನೋಡೀರಿ? ಬೆಕ್ಕು ಬರತೈತಿ, ಕಳ್ಳ ಬರತಾನ, ಮಳಿ ಬರತೈತಿ" ಎಂದು ಮೂರು ಕಾರಣ ನೀಡಿದಿರಿ. ಆಫೀಸಿನಲ್ಲಿ ಯಾರೂ ರೊಟ್ಟಿ ಬಡಿಯುವುದಿಲ್ಲ ಎಂದು ನಾನು ಹೇಳಿದ್ದು ಕಡತಕ್ಕೆ ಬಂದಿರುವುದಿಲ್ಲ.

3. ಅಂದಿನಿಂದ ಬೇಸಿಗೆಯಲ್ಲಿ ಸ್ಲ್ಯಾಬು ಕಾದ ಹಂಚಿನಂತಾಗುತ್ತದೆ. ಮೇಲೆ ಒಂದು ಹಂಚು, ಒಲೆಯ ಮೇಲೆ ಇನ್ನೊಂದು ಹಂಚು, ನಡುವೆ ಅತ್ತೆಯವರು. ಗ್ಯಾಸಿನ ಒಲೆ ಇದೆಯಲ್ಲ ಎಂದು ತಾವು ಕೇಳಬಹುದು. ಇದೆ. ತಮ್ಮ ಸ್ನೇಹಿತರು ಬಂದಾಗ ಚಹಾ ಕಾಸಲು ಅದನ್ನು ಬಳಸಲಾಗುತ್ತಿದ್ದು, ಉಳಿದ ವೇಳೆ ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿರುತ್ತದೆ. ಗ್ಯಾಸಿನ ಮೇಲೆ ಬೇಯಿಸಿದ ರೊಟ್ಟಿಯನ್ನು ತಾವು ರೊಟ್ಟಿಯೆಂದು ಒಪ್ಪಿಕೊಂಡಿಲ್ಲ.

4. ಈ ಚಳಿಗಾಲ ಕಳೆದರೂ ಅತ್ತೆಯವರ ಕೆಮ್ಮು ಹೋಗಲಿಲ್ಲ. ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಹಿತ್ತಲಿಗೆ ಹೋಗಿ ನಿಂತು ಬರುವರು. ಕೇಳಿದರೆ "ಹಿಟ್ಟು ಗಂಟಲಿಗೆ ಹೋತು" ಎನ್ನುವರು. ಕಡೆಗೆ ನಾನೇ ಹಗರಿಬೊಮ್ಮನಹಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡು, "ಬೀಡಿ ಯಾವಾಗಿಂದ ಸೇದತೀರಿ?" ಎಂದರು.

"ನಾ ಸೇದಂಗಿಲ್ರಿ."

"ಮನ್ಯಾಗ ಯಾರ ಸೇದತಾರ?"

"ನಮ್ಮ ಯಜಮಾನ್ರು ಅಡಿಕಿ ಸೈತ ಬಾಯಾಗ ಹಾಕಂಗಿಲ್ರಿ."

"ಅಡಿಗಿ ಎದರ ಮ್ಯಾಲ ಮಾಡತೀರಿ?"

"ಒಲಿ ಮ್ಯಾಲ."

"ಹೊಗಿ ಎಲ್ಲಿ ಹೋಗತೈತಿ?"

ಅತ್ತೆಯವರು ಸ್ವಲ್ಪ ಯೋಚನೆ ಮಾಡಿ, "ಎಲ್ಲೂ ಹೋಗಂಗಿಲ್ರಿ, ಅಲ್ಲೇ ಇರತೈತಿ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ, ಊರು ಹತ್ತಿರ ಬಂದಾಗ ಅವರು, "ನನ್ನ ನೋಡಿದ್ರ ಬೀಡಿ ಸೇದೋ ಹೆಂಗಸಿನಂಗ ಕಾಣತೈತೇನು?" ಎಂದು ಕೇಳಿದರು. ನಾನು ಇಲ್ಲವೆಂದೆ. ಅವರು ನಂಬಿದಂತೆ ಕಾಣಲಿಲ್ಲ.

5. ಡಾಕ್ಟರು ಗುಳಿಗೆಗಳ ಹೆಸರಿನ ಕೆಳಗೆ ಹೊಗೆಯಿಂದ ದೂರವಿರಬೇಕೆಂದು ಬರೆದಿದ್ದರು. ಚೀಟಿಯನ್ನು ತಮ್ಮ ಮುಂದೆ ಇಡಲಾಯಿತು. ತಾವು ಕನ್ನಡಕ ಹಾಕಿಕೊಂಡು ಓದಿ, "ಬರೋಬ್ಬರಿ ಬರದಾರ. ಈ ಮನ್ಯಾಗ ಯಾರೂ ಸೇದಂಗಿಲ್ಲ" ಎಂದು ಅದರ ಮೇಲೆ "ಪಾಲಿಸಲಾಗಿದೆ" ಅಂತ ಷರಾ ಬರೆದು ಸಹಿ ಹಾಕಿದಿರಿ.

6. ತಾವು ಏನೂ ಮಾಡಲಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಕೆಮ್ಮು ಜಾಸ್ತಿಯಾದ ದಿನ ತಾವೇ ಪಡಸಾಲೆಯ ಟೇಬಲ್ ಫ್ಯಾನನ್ನು ಎತ್ತಿ ತಂದು ಅಡುಗೆಮನೆಯಲ್ಲಿಟ್ಟಿರಿ. ಸದರಿ ಫ್ಯಾನು ಒಲೆಯ ಬೂದಿಯನ್ನು ರೊಟ್ಟಿಯ ಮೇಲೂ, ಹೊಗೆಯನ್ನು ಪಡಸಾಲೆಗೂ ಕಳಿಸಿತು. ಅಲ್ಲಿ ತಮ್ಮೊಂದಿಗೆ ಪೇಪರ್ ಓದುತ್ತಿದ್ದ ವಕೀಲ ನಾಗೇಂದ್ರಪ್ಪನವರು ಕಣ್ಣೊರೆಸಿಕೊಳ್ಳುತ್ತ, "ಮನ್ಯಾಗ ಏನಾರ ಆಗೈತೇನ್ರಿ?" ಎಂದು ಕೇಳಿ, ಚಹಾ ಕುಡಿಯದೆ ಎದ್ದು ಹೋದರು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ಪಡಸಾಲೆಗೆ ಮರಳಿತು.

7. ಈ ತಿಂಗಳು ಹರಪನಹಳ್ಳಿಯಲ್ಲಿ ತಮ್ಮ ಮಗಳ ಕೂಸಿಗೆ ತೊಟ್ಟಿಲ ಕಾರ್ಯ. ಅತ್ತೆಯವರು ಬರುವುದಿಲ್ಲ ಎಂದರು. ಬಸ್ಸಿನ ದಣಿವು ತಡೆಯಲಾಗುವುದಿಲ್ಲವಂತೆ ಎಂದು ತಾವು ಎಲ್ಲರಿಗೂ ಹೇಳಿದಿರಿ. ನಿಜವಾದ ಕಾರಣವನ್ನು ಅವರು ನನಗೆ ಹೇಳಿದ್ದು ತಾವು ಹೊರಟ ಮೇಲೆ: "ಮಂದಿಯೊಳಗ ಕೂಸಿನ ಮುಂದ ಕೆಮ್ಮಿದ್ರ ಏನ ತಿಳ್ಕೊಂತಾರ? ಇವಳಿಗೆ ಎಂಥದೋ ಐತಿ ಅಂತಾರ. ನನ್ನ ಮಗಳು ಬೀಗರ ಮುಂದ ತಲಿ ತಗ್ಗಿಸಬೇಕು."

ಅವರು ಕೂಸಿಗೆ ಒಂದು ಕುಲಾವಿ ಹೊಲಿದಿದ್ದರು. ಅದನ್ನು ತಮ್ಮ ಕೈಯಲ್ಲಿ ಕಳಿಸಲಿಲ್ಲ. ಏಕೆಂದು ನೋಡಿದರೆ, ಹಿತ್ತಲಲ್ಲಿ ಕೂತು ಅದನ್ನು ಮತ್ತೆ ಒಗೆಯುತ್ತಿದ್ದರು. ಒಣಗಿಸಿ, ಮೂಸಿ, ನನ್ನ ಕೈಗೆ ಕೊಟ್ಟು, "ನೀ ನೋಡು" ಎಂದರು. ಹೊಗೆಯ ವಾಸನೆ ಹೋಗಿರಲಿಲ್ಲ. ನಾನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವರು ಕುಲಾವಿಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ, "ಮೈಲಪ್ಪನ್ನ ಕರೀ ಹೋಗು" ಎಂದರು.

8. ಸ್ಲ್ಯಾಬು ಹಾಕಿದ ಗಾರೆಯವನೂ ಮೈಲಪ್ಪನೇ ಎಂಬುದು ತಮಗೆ ತಿಳಿದಿದೆ. ಅವನು ಸುತ್ತಿಗೆ, ಉಳಿ ತಂದವನು ಮೇಲೆ ಹತ್ತಿ ನಿಂತುಬಿಟ್ಟ. "ಅಮ್ಮಾರ, ಯಜಮಾನ್ರು ಬರ್ಲಿ. ನಾ ಹಾಕಿದ್ದು ನಾನ ಒಡದ್ರ ನನ್ನ ಏನಂತಾರ?"

ಅತ್ತೆಯವರು ಸೆರಗು ಸಿಗಿಸಿಕೊಂಡು ಏಣಿ ಹತ್ತಿದರು. ನಾನು ಕೆಳಗೆ ಏಣಿ ಹಿಡಿದಿದ್ದೆ, ಆದ್ದರಿಂದ ತಡೆಯಲಾಗಲಿಲ್ಲ. ಮೇಲೆ ಅವರ ದನಿ ಕೇಳಿಸಿತು: "ಎಲ್ಲಿ ಹೊಡೀಬೇಕು ತೋರಸು." ಒಂದು ಏಟು ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಕೆಮ್ಮು. ಕೆಮ್ಮು ನಿಂತಮೇಲೆ ಮತ್ತೊಂದು ಏಟು. "ಮೊದಲು ಒಡದಾಕಿ ನಾನು. ಯಜಮಾನ್ರು ಕೇಳಿದ್ರ ಹಂಗ ಹೇಳು. ಈಗ ನೀ ಹೊಡಿ."

ತಾವು ದೊಡ್ಡ ದನಿ ತೆಗೆದಾಗೆಲ್ಲ ಪಾತ್ರೆ ತೊಳೆಯಲು ಎದ್ದುಹೋಗುವ ಅತ್ತೆಯವರನ್ನು ನೋಡಿದ್ದ ನನಗೆ, ಇವರು ಯಾರೆಂದು ಒಂದು ಕ್ಷಣ ತಿಳಿಯಲಿಲ್ಲ.

9. ನಾನು ಒಳಗೆ ಹೋಗಿ ಪಾತ್ರೆಗಳ ಮೇಲೆ ಗೋಣಿಚೀಲ ಹೊದಿಸುತ್ತಿದ್ದೆ. ಮೊದಲು ಧೂಳು ಬಿತ್ತು, ಆಮೇಲೆ ಬಿಸಿಲು. ಕೆಳಗಿಳಿದು ಬಂದ ಅತ್ತೆಯವರು ಒಲೆಯ ಹಿಂದಿನ ಗೋಡೆಯನ್ನು ಸೆರಗಿನಿಂದ ಒರೆಸಿ ನೋಡಿ, "ಇದಕ್ಕ ನಾವು ನೀಲಿ ಬಣ್ಣ ಹಚ್ಚಿದ್ವೇನು?" ಎಂದರು. ನನ್ನ ಮದುವೆಗೆ ಹಚ್ಚಿಸಿದ್ದು. ಇಬ್ಬರೂ ಮರೆತಿದ್ದೆವು.

ತಮ್ಮ ಸುಪುತ್ರರು ಮಧ್ಯಾಹ್ನ ಗೊಬ್ಬರದ ಅಂಗಡಿಯಿಂದ ಊಟಕ್ಕೆ ಬಂದು, ಮೇಲೆ ನೋಡಿ, "ಅಪ್ಪಗ ನಾ ಊರಾಗ ಇರಲಿಲ್ಲ ಅಂತ ಬರಿ" ಎಂದರು. ಅದರಂತೆ ಬರೆಯಲಾಗಿದೆ.

ಸಂಜೆ ಒಲೆ ಹಚ್ಚಿದಾಗ ಪಕ್ಕದ ಮನೆಯ ಹಂಪಕ್ಕ ಓಡಿ ಬಂದು, "ಕೊಟ್ರಮ್ಮಾ, ನಿಮ್ಮ ಮನಿ ಮ್ಯಾಲ ಹೊಗಿ ಬರಕತ್ತೈತಿ, ಬೆಂಕಿ ಹತ್ತೈತೇನು?" ಎಂದರು. ಅತ್ತೆಯವರು, "ಇಲ್ಲವ್ವ, ಅಡಿಗಿ ಆಗಕತ್ತೈತಿ" ಎಂದರು.

10. ತಮ್ಮ ಮೂರು ಆಕ್ಷೇಪಣೆಗಳಿಗೆ ಸಮಜಾಯಿಷಿ: ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳುಗಳನ್ನು ಕಡಿದಿಲ್ಲ. ಆದಕಾರಣ ಕಳ್ಳನು ಬರುವುದಾದರೆ ತುಂಡುತುಂಡಾಗಿ ಬರಬೇಕಾಗುತ್ತದೆ. ಕಿಂಡಿಯ ಸುತ್ತ ಇಟ್ಟಿಗೆಯ ಕಟ್ಟೆ ಕಟ್ಟಿ, ಮೂಲೆಗೊಂದು ಕಲ್ಲಿಟ್ಟು, ಮೇಲೆ ಗಾಜು ಕೂರಿಸಿದರೆ ಹೊಗೆ ಪಕ್ಕದಿಂದ ಹೋಗುತ್ತದೆ, ಮಳೆ ಒಳಗೆ ಬರುವುದಿಲ್ಲ. ಬೆಕ್ಕಿನ ಬಗ್ಗೆ ಭರವಸೆ ಕೊಡಲಾಗದು. ಅದು ಈಗಲೂ ಮುಂಬಾಗಿಲಿನಿಂದಲೇ ಬರುತ್ತಿದೆ.

ಹೇಗೂ ಮೇಲೆ ಹತ್ತಿದ್ದರಿಂದ ಮೈಲಪ್ಪನು ಸ್ಲ್ಯಾಬಿನ ಮೇಲೆಲ್ಲ ದಪ್ಪಗೆ ಸುಣ್ಣ ಬಳಿದಿದ್ದಾನೆ. ಇದೂ ಅನಧಿಕೃತವೇ. ಆದರೆ ಮಧ್ಯಾಹ್ನ ಫ್ಯಾನಿನ ಗಾಳಿ ಮೊದಲಿನಷ್ಟು ಸುಡುವುದಿಲ್ಲ.

11. ಅತ್ತೆಯವರ ಕೆಮ್ಮು ಪೂರ್ತಿ ಹೋಗಿಲ್ಲ. ರೊಟ್ಟಿ ಬಿಟ್ಟು ಹಿತ್ತಲಿಗೆ ಹೋಗುವುದು ನಿಂತಿದೆ. ನಿನ್ನೆ ಅವರು ಕುಲಾವಿಯನ್ನು ಮತ್ತೊಮ್ಮೆ ಒಗೆದು ಬಿಸಿಲಿಗೆ ಹಾಕಿ, ಮೂಸಿ, ನನ್ನನ್ನು ಕೇಳದೆಯೇ ಚೀಲದಲ್ಲಿಟ್ಟರು. "ಕೆಮ್ಮು ಬಂದ್ರ ಮುಖ ಆ ಕಡಿ ತಿರುವತೀನಿ. ಕೂಸನ್ನ ನೋಡಬೇಕು ನಾನು" ಎಂದರು. ಆದ್ದರಿಂದ ಈ ಅರ್ಜಿಯನ್ನು ಅಂಚೆಯಲ್ಲಿ ಹಾಕಿಲ್ಲ. ತಮ್ಮ ಮುಂದೆ ನಿಂತು ಇದನ್ನು ಕೊಡುತ್ತಿರುವವರೇ ಕಿಂಡಿ ಒಡೆದವರು. ಇದರಲ್ಲಿ ಏನಿದೆ ಎಂದು ಅವರು ಕೇಳಿಲ್ಲ. ಹೇಳಬೇಕಾದ್ದನ್ನು ಸುತ್ತಿಗೆಯಿಂದ ಹೇಳಿಯಾಗಿದೆ.

ಆದಕಾರಣ ತಾವು ದಯಮಾಡಿ,
(ಅ) ಸದರಿ ಕಿಂಡಿಗೂ ಸುಣ್ಣಕ್ಕೂ ಘಟನೋತ್ತರ ಮಂಜೂರಾತಿ ನೀಡಬೇಕೆಂದೂ,
(ಆ) ಡಾಕ್ಟರ ಚೀಟಿಯ ಮೇಲಿನ ಷರಾವನ್ನು ಹಾಗೆಯೇ ಉಳಿಸಬೇಕೆಂದೂ (ಈಗ ಅದು ನಿಜವಾಗಿದೆ),
(ಇ) ಅರ್ಜಿ ತಂದವರಿಗೆ ಮೊದಲು ಕೂಸನ್ನು ಕೊಟ್ಟು, ಕಾಗದ ಓದುವುದನ್ನು ಆಮೇಲೆ ಇಟ್ಟುಕೊಳ್ಳಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸದ, ಆದರೆ ಅಪ್ಪಣೆ ಕೇಳದ ಸೊಸೆ,
ಅರ್ಚನಾ

ಲಗತ್ತುಗಳು:
1. ಡಾಕ್ಟರ ಚೀಟಿ.
2. ಕಿಂಡಿಯ ಉದ್ದ ಅಗಲ ಅಳೆದು ಗಂಟು ಹಾಕಿದ ದಾರ.
3. ರೊಟ್ಟಿ, ಶೇಂಗಾ ಚಟ್ನಿ (ಒಲೆಯ ಮೇಲಿನವು, ಗ್ಯಾಸಿನವಲ್ಲ).

ವಿ.ಸೂ.: ದಾರದ ಅಳತೆಗೆ ಹರಪನಹಳ್ಳಿಯಲ್ಲೇ ದಪ್ಪ ಗಾಜು ಕೊಯ್ಯಿಸಿ ತರುವುದು. ಬಸ್ಸಿನಲ್ಲಿ ಗಾಜನ್ನು ತಾವು ತೊಡೆಯ ಮೇಲಿಟ್ಟುಕೊಳ್ಳುವುದು. ಕಿಟಕಿ ಪಕ್ಕದ ಸೀಟನ್ನು ಅತ್ತೆಯವರಿಗೆ ಬಿಡುವುದು.