ಎಲಾಸ್ಟಿಕ್ ದಾರದಲ್ಲಿ ಅಳೆದ ಬೆಟ್ಟ

ಇಂದ:
ಅರ್ಜಿದಾರ,
ಕಿಟಕಿ ಪಕ್ಕದ ಹೊಲಿಗೆ ಮಿಷನ್ನು,
ಮಾವನ ಟೈಲರ್ ಅಂಗಡಿ, ಬಂದರು ಬೀದಿ.

ಗೆ:
ಮಾನ್ಯ ನಡುಬೆಟ್ಟ ಅವರು,
ಈ ಕಡಲಿಗೂ ಆ ಕಡಲಿಗೂ ಮಧ್ಯೆ
(ಮೋಡವಿಲ್ಲದ ದಿನ ನಮ್ಮ ಅಂಗಡಿ ಬಾಗಿಲಿಗೆ ನೇರ).

ವಿಷಯ: ಕಡಲಿಂದ ಕಡಲಿಗೆ ಸೈಕಲ್ ತುಳಿಯುವ ಅರ್ಜಿದಾರನಿಗೆ ತಾವು ಸ್ವಲ್ಪ ತಗ್ಗಿ ಸಹಕರಿಸುವ ಬಗ್ಗೆ.

ಉಲ್ಲೇಖ: "ಏಳನೇ ಕ್ಲಾಸು ದಾಟೋಕಾಗದವನು ಬೆಟ್ಟ ದಾಟ್ತಾನಂತೆ, ನೋಡ್ರಪ್ಪಾ!" ಎಂಬ ಮಾವನವರ ಮೌಖಿಕ ಆದೇಶ. ಅಂಗಿಗಳಿಗೆ ಗುಂಡಿ-ಕಾಜಾ ಹಾಕುವ ಅಕ್ಕ, ಇಬ್ಬರು ಗಿರಾಕಿಗಳು ಹಾಗೂ ಅರ್ಧ ಹೊಲಿದ ಕೋಟಿನಲ್ಲಿ ಪಿನ್ನು ಚುಚ್ಚಿಸಿಕೊಂಡು ನಿಂತಿದ್ದ ಒಬ್ಬ ಮದುಮಗನ ಸಮಕ್ಷಮ.

ಮಾನ್ಯರೇ,

ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಅವನ ರಜೆಯ ಕೋರಿಕೆಯನ್ನು ಮಾವನವರು ಮೇಲಿನಂತೆ ವಜಾ ಮಾಡಿರುತ್ತಾರೆ. ಮಾವನವರಿಗಿಂತ ಎತ್ತರದ ಅಧಿಕಾರಿ ಈ ಬೀದಿಯಿಂದ ತಮ್ಮನ್ನು ಬಿಟ್ಟು ಬೇರೆ ಯಾರೂ ಕಾಣದ ಕಾರಣ ಈ ಮೇಲ್ಮನವಿ. ಇಂಥ ಭಾಷೆಯನ್ನು ಅರ್ಜಿದಾರನು ಶಾಲೆಯಲ್ಲಿ ಕಲಿತದ್ದಲ್ಲ. ಸೊಂಟ ಸಡಿಲ ಮಾಡಲು ಬಂದ ಆಫೀಸಿನವರ ಪ್ಯಾಂಟುಗಳ ಜೇಬಿನಲ್ಲಿ ಸಿಕ್ಕ ಕಾಗದಗಳಿಂದ ಕಲಿತದ್ದು. ತಪ್ಪಿದ್ದಲ್ಲಿ ಸದರಿ ಪ್ಯಾಂಟುಗಳನ್ನೇ ಹೊಣೆ ಮಾಡತಕ್ಕದ್ದು.

೧. ಯೋಜನೆ ಸರಳವಾದದ್ದು. ದಪ್ಪ ಟೈರಿನ ಗೇರ್ ಸೈಕಲ್ಲಿನ ಹಿಂದಿನ ಚಕ್ರವನ್ನು ಮೊದಲು ಈ ಕಡಲಲ್ಲಿ ನೆನೆಸುವುದು, ಮಣ್ಣುದಾರಿ ಹಿಡಿದು ತಮ್ಮನ್ನು ಹತ್ತಿ ಇಳಿಯುವುದು, ಮುಂದಿನ ಚಕ್ರವನ್ನು ಆ ಕಡಲಲ್ಲಿ ನೆನೆಸುವುದು. ಯಾಕೆ ಎಂದರೆ, ಊರಿನ ಪ್ರತಿಯೊಬ್ಬರ ಸೊಂಟದ ಸುತ್ತಳತೆಯೂ ಅರ್ಜಿದಾರನಿಗೆ ಬಾಯಿಪಾಠ. ಊರಾಚೆ ಏನಿದೆ ಅನ್ನುವುದು ಮಾತ್ರ ಗೊತ್ತಿಲ್ಲ.

೨. ಸೈಕಲ್ಲಿನ ಚೀಲಗಳನ್ನು ಉಳಿದ ಬಟ್ಟೆಯಲ್ಲಿ ಅವನೇ ಹೊಲಿದಿರುತ್ತಾನೆ. ಹ್ಯಾಂಡಲಿಗೆ ಪೊಲೀಸ್ ಖಾಕಿ, ಸೀಟಿನ ಹಿಂದೆ ಶಾಲೆಯ ಸ್ಕರ್ಟಿನ ಚೌಕುಳಿ, ನಡುವಿನ ಚೀಲಕ್ಕೆ ಮದುಮಗನ ಕೋಟಿನ ಅಸ್ತರು. "ಸ್ಟೇಷನ್ನು, ಸ್ಕೂಲು, ಮದ್ವೆ ಮನೆ ಮೂರೂ ಒಟ್ಟಿಗೇ ಹೊರಟಂಗಿದೆಯಲ್ಲೋ ತಮ್ಮಾ" ಎಂದು ಕಾಜಾ ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರುತ್ತಾರೆ. ಬೇರೆ ಜಾಗವಿಲ್ಲದ ಕಾರಣ ಸೈಕಲ್ಲನ್ನು ಟ್ರಯಲ್ ರೂಮಿನಲ್ಲಿ ನಿಲ್ಲಿಸಲಾಗಿದೆ. ಆದ್ದರಿಂದ ಗಿರಾಕಿಗಳು ಸೀಟು ಹಿಡಿದುಕೊಂಡು ಪ್ಯಾಂಟು ಏರಿಸುತ್ತಾರೆ. ಈವರೆಗೆ ದೂರು ಬಂದಿಲ್ಲ, ಒಳಗಿಂದ ಆಗಾಗ ಬೆಲ್ಲಿನ ಸದ್ದು ಮಾತ್ರ ಬರುತ್ತದೆ.

೩. ಇನ್ನು ತಪ್ಪಿನ ವಿಚಾರ. ನಕ್ಷೆಯನ್ನು ಕಟಿಂಗ್ ಮೇಜಿನ ಮೇಲೆ ಹರಡಿದಾಗ ದಾರಿ ಹಾವಿನ ಹಾಗೆ ಹೊರಳಿತ್ತು. ಇಂಚುಟೇಪು ಅಷ್ಟು ಬಳುಕದ ಕಾರಣ, ಅರ್ಜಿದಾರನು ಅಕ್ಕನ ಡಬ್ಬದಿಂದ ದಾರವೊಂದನ್ನು ತೆಗೆದು, ತಿರುವು ತಿರುವಿಗೂ ಪಿನ್ನು ಚುಚ್ಚಿ, ಬಿಗಿಯಾಗಿ ಎಳೆದೆಳೆದು ಕಡಲಿಂದ ಕಡಲಿಗೆ ಹಾಯಿಸಿದನು. ಆಮೇಲೆ ದಾರ ಬಿಚ್ಚಿ ಅಳೆದನು. ಮೂರೇ ದಿನದ ದಾರಿ! ಅವನು ಮೇಜಿನ ಸುತ್ತ ಕುಣಿದದ್ದೂ ನಿಜ. ಮೂರು ದಿನಕ್ಕೆ ಮಾವನವರೂ "ಹೂಂ, ಹೋಗಿ ಸಾಯಿ" ಎಂದು ಪ್ರೀತಿಯಿಂದಲೇ ಒಪ್ಪಿದ್ದರು.

ಅಷ್ಟರಲ್ಲಿ ಅಕ್ಕ ಆ ದಾರವನ್ನು ಎತ್ತಿ ಎಳೆದರು. ಅದು ಬಂದೇ ಬಂತು.

"ಅಯ್ಯೋ ನನ್ನಪ್ಪಾ, ಇದು ಮಕ್ಕಳ ಫ್ರಾಕಿನ ಎಲಾಸ್ಟಿಕ್ ದಾರ ಕಣೋ! ನಿನ್ನ ಬೆಟ್ಟ ಎಲ್ಲಾ ಇದರೊಳಗೆ ಮುದುಡಿ ಕೂತಿದೆ!"

ಹತ್ತಿ ದಾರದಲ್ಲಿ ಅಳೆದರೆ ಆರು ದಿನ. ಮಾವನವರ ಉಲ್ಲೇಖಿತ ಆದೇಶ ಹೊರಬಿದ್ದದ್ದು ಆಗಲೇ. ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅರ್ಜಿದಾರನ ಕಿವಿ ಇಸ್ತ್ರಿ ಪೆಟ್ಟಿಗೆಯಂತೆ ಕಾಯಿತು. ಮದುಮಗನು ನಗಲು ಹೋಗಿ, ಕಂಕುಳಿಗೆ ಪಿನ್ನು ಚುಚ್ಚಿ "ಅಮ್ಮಾ!" ಎಂದದ್ದೊಂದೇ ಆ ದಿನ ಅವನಿಗೆ ಸಿಕ್ಕ ನ್ಯಾಯ.

೪. ಮಾವನವರು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಆರು ದಿನ ಹೋಗ್ತೀಯಾ? ಹೋಗು. ಬರೋಷ್ಟರಲ್ಲಿ ಕಿಟಕಿ ಪಕ್ಕದ ಮಿಷನ್ನಲ್ಲಿ ಬೇರೆಯವನು ಕೂತಿರ್ತಾನೆ."

ಶಾಲೆ ಬಿಟ್ಟ ದಿನದಿಂದ ಅರ್ಜಿದಾರನು ಕೂತದ್ದು ಅಲ್ಲೇ. ಅವನಿಗೆ ತಾವು ಕಾಣಿಸುವುದೂ ಆ ಕಿಟಕಿಯಿಂದಲೇ. ಆದ್ದರಿಂದ ಹೋದರೆ ಮಿಷನ್ನು ಹೋಯಿತು, ಹೋಗದಿದ್ದರೆ ಮಾನ ಹೋಯಿತು. ಮಿಷನ್ನು ಇನ್ನೊಂದು ಸಿಗಬಹುದೆಂದು ಅವನು ತೀರ್ಮಾನಿಸಿರುತ್ತಾನೆ. ತೀರ್ಮಾನಿಸಿದ ಮೇಲೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ; ನಿನ್ನೆ ಖಾಲಿ ಮಿಷನ್ನನ್ನೇ ಬೆಟ್ಟದಷ್ಟು ತುಳಿದಿದ್ದಾನೆ.

೫. ಕಾರಣ, ತಾವು ದಯಮಾಡಿ:
ಅ) ಅಂಚಿನಲ್ಲಿ ಎರಡು ಇಂಚು ಮಡಿಸಿಕೊಂಡು ಗಿಡ್ಡವಾಗುವುದು. ಕಚ್ಚಾ ಹೊಲಿಗೆ ಸಾಕು, ಅರ್ಜಿದಾರನು ದಾಟಿದ ಕೂಡಲೇ ಬಿಚ್ಚಿಕೊಳ್ಳಬಹುದು.
ಆ) ಎದುರುಗಾಳಿಗೆ ಆರು ದಿನ ರಜೆ ಕೊಡುವುದು. ಅದಕ್ಕಾದರೂ ರಜೆ ಸಿಗಲಿ.
ಇ) ಮೇಲಿನವು ನಿಯಮಕ್ಕೆ ವಿರುದ್ಧವಾಗಿದ್ದಲ್ಲಿ, ಅವನು ತಮ್ಮ ನೆತ್ತಿಯ ಮೇಲೆ ನಿಂತ ಹೊತ್ತಿನಲ್ಲಿ ಮೋಡ ಸರಿಸಿ, ಅಂಗಡಿ ಬಾಗಿಲಿಂದ ಮಾವನವರಿಗೆ ತಾವು ನೆಟ್ಟಗೆ ಕಾಣುವಂತೆ ನಿಲ್ಲುವುದು. ಸೈಕಲ್ಲು ಕಾಣದಿದ್ದರೂ ಪರವಾಗಿಲ್ಲ. ಅದು ಅಲ್ಲಿದೆಯೆಂದು ಅವರಿಗೆ ಗೊತ್ತಿರುತ್ತದೆ.

ಇಂತಿ, ತಮ್ಮ ಬುಡದತ್ತ ಹೊರಟೇಬಿಟ್ಟ ವಿಶ್ವಾಸಿ,
ಅರ್ಜಿದಾರ

ಲಗತ್ತುಗಳು:
೧. ಅಪರಾಧಿ ಎಲಾಸ್ಟಿಕ್ ದಾರ (ಎಳೆಯಬಾರದು).
೨. ಹತ್ತಿ ದಾರ, ದಾರಿಯ ಉದ್ದಕ್ಕೆ ಕತ್ತರಿಸಿದ್ದು.
೩. ಪಿನ್ನಿನ ತೂತುಗಳುಳ್ಳ ನಕ್ಷೆ. ಬೆಳಕಿಗೆ ಹಿಡಿದರೆ ದಾರಿ ಮಿನುಗುತ್ತದೆ.

ಮೂಲ ಅರ್ಜಿಯನ್ನು ಅರ್ಜಿದಾರನು ಖುದ್ದಾಗಿ ಹತ್ತಿ ಬಂದು ಸಲ್ಲಿಸುತ್ತಾನೆ. ಪ್ರತಿ: ಮಾವನವರ ಅವಗಾಹನೆಗೆ.

ಷರಾ (ಸಾಕ್ಷಿಯಾಗಿ ಕಾಜಾ ಅಕ್ಕ ಬರೆದದ್ದು): ಪ್ರತಿಯನ್ನು ಮಿಷನ್ನಿನ ಸೂಜಿಯಡಿ ಸಿಕ್ಕಿಸಿ, ಅರ್ಜಿದಾರನು ಬೆಳಿಗ್ಗೆ ಸೈಕಲ್ಲನ್ನು ಟ್ರಯಲ್ ರೂಮಿನಿಂದ ಹೊರತಂದನು. ಆಗಲೇ ಅರ್ಧ ಬೀದಿ ನೆರೆದಿತ್ತು. ಅವನು ಹತ್ತಲಿಲ್ಲ, ತಳ್ಳಿಕೊಂಡು ಕಡಲ ಕಡೆ ತಿರುಗಿದನು. ಮಾವನವರು ಕೊರಳಲ್ಲಿ ಇಂಚುಟೇಪು ಹಾಕಿಕೊಂಡೇ ಬಾಗಿಲಿಗೆ ಓಡಿ ಬಂದರು.

"ಏ ದಡ್ಡಾ, ಬೆಟ್ಟ ಈ ಕಡೆ ಇದೆ ಕಣೋ! ಹೊರಡುವಾಗ್ಲೇ ದಾರಿ ತಪ್ಪಿದ್ಯಲ್ಲೋ!"

ಬೀದಿಗೆ ಬೀದಿಯೇ ಗೊಳ್ಳೆಂದಿತು. ಹಿಂದಿನ ಚಕ್ರ ಇನ್ನೂ ಒಣಗಿಯೇ ಇತ್ತು. ಅರ್ಜಿದಾರನು ಸಿಳ್ಳೆ ಹಾಕುತ್ತ ನೀರಿನ ಕಡೆ ನಡೆದನು.